ಕೈಗೆಟುಕಿದ ಸಾಲು

ಡ್ರೈವರನ ಹೊಲದಲ್ಲಿ ಹಸಿರು ಕಂಡ ದಿನದಿಂದ ಅವಳು ಒಂದು ಕಡೆ ಕೂತವಳಲ್ಲ. ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಂದು ಸಲ, ಕೆಲಸಕ್ಕೆ ಹೊರಡುವ ಮುಂಚೆ ಇನ್ನೊಂದು ಸಲ, ಸಂಜೆ ಬಸ್ಸಿಳಿದು ಕೈಚೀಲ ಕೆಳಗಿಡುವ ಮೊದಲೇ ಮತ್ತೊಂದು ಸಲ ತಂತಿಬೇಲಿಯ ತನಕ ಹೋಗಿ ನಿಂತು ಬರುತ್ತಿದ್ದಳು. ಬೇಲಿಯಾಚೆ ಮೂರು ಎಕರೆ. ಹೋದ ವರ್ಷದವರೆಗೂ ಅಲ್ಲಿ ಆಲೂಗೆಡ್ಡೆ ಬಿಟ್ಟು ಬೇರೇನೂ ಬೆಳೆದದ್ದಿಲ್ಲ. ಈ ಸಲ ಸಾಲುಸಾಲಾಗಿ ಹುಲ್ಲಿನಂಥದ್ದೇನೋ ಎದ್ದಿತ್ತು. ಏನು ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ.

ಆ ಹೊಲದ ಯಜಮಾನ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸು ಬಿಟ್ಟು ಆರು ವರ್ಷವಾಗಿದ್ದರೂ ಸುತ್ತಲಿನವರಿಗೆ ಅವನು ಡ್ರೈವರ್ರೇ. ಆಲೂಗೆಡ್ಡೆ ಸಾಕಾಯಿತೆಂದು ಈ ವರ್ಷ ನಾಲ್ಕು ಹಸು ಕಟ್ಟಿದ್ದ. ಹಸು ಬಂದ ಮೇಲೆ ಮೇವು ಬೇಕಲ್ಲ, ಅದಕ್ಕೇ ಈ ಹಸಿರು. ಅಷ್ಟನ್ನು ಯಾರು ಬೇಕಾದರೂ ಊಹಿಸಬಹುದಾಗಿತ್ತು.

ಅವಳಿಗೆ ಬೇಕಿದ್ದದ್ದು ಆ ಮೇವಿನ ಜಾತಿ. ಏಕೆಂದರೆ ಬೇಲಿಯ ಈಚೆ, ಅವಳ ಅರ್ಧ ಎಕರೆಯಲ್ಲಿ, ಮೇವಿನ ಜೋಳ ನಿಂತಿತ್ತು. ಅಂಗಡಿಯ ಬೀಜದ ಜೋಳವಲ್ಲ. ಅವಳ ಗಂಡ ಎಂಟು ಬೆಳೆಗಳಲ್ಲಿ ಆರಿಸಿ ಆರಿಸಿ ಮಾಡಿದ ತಳಿ. ದಂಟು ಬುಡದವರೆಗೂ ಸಿಹಿ, ಹಸುಗಳು ಗೋದಲಿಯಲ್ಲಿ ಒಂದು ತುಂಡನ್ನೂ ಉಳಿಸುತ್ತಿರಲಿಲ್ಲ. ತಳಿಗೆ ಹೆಸರಿಟ್ಟಿರಲಿಲ್ಲ. ಹೆಸರಿಡುವ ಮೊದಲು ಇನ್ನೂ ಎರಡು ಬೆಳೆ ನೋಡಬೇಕು ಎಂದಿದ್ದ. ಅವನು ತೀರಿಹೋಗಿ ಒಂದೂವರೆ ವರ್ಷ.

ಬೀಜ ಒಂದು ತಗಡಿನ ಡಬ್ಬದಲ್ಲಿತ್ತು. ಅವಳಿಗೆ ಬೀಜ ಪರೀಕ್ಷಾ ಕೇಂದ್ರದಲ್ಲಿ ಕೆಲಸ. ಒದ್ದೆ ಕಾಗದದ ಮೇಲೆ ನೂರು ಕಾಳು ಹರವಿ, ಎಷ್ಟು ಮೊಳೆತವು, ಎಷ್ಟು ಸತ್ತವು ಎಂದು ಎಣಿಸುವ ಕೆಲಸ. ಡಬ್ಬದ ಬೀಜವನ್ನೂ ಹಾಗೇ ಎಣಿಸಿದ್ದಳು. ಮೊದಲ ಸಲ ನೂರಕ್ಕೆ ತೊಂಬತ್ತೆರಡು. ಈ ವರ್ಷ ಅರವತ್ತೊಂದು. ಇನ್ನೊಂದು ವರ್ಷ ಡಬ್ಬದಲ್ಲೇ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟನ್ನೂ ಬಿತ್ತಿಬಿಟ್ಟಳು. ಡಬ್ಬವನ್ನು ತೊಳೆದು ಬೋರಲು ಹಾಕಿದಳು.

ಈಗ ಬೇಲಿಯಾಚೆ ಬೆಳೆಯುತ್ತಿರುವುದು ಜೋಳವಾಗಿದ್ದರೆ, ಅಥವಾ ಜೋಳದ ದಾಯಾದಿ ಸುಡಾನ್ ಹುಲ್ಲಾಗಿದ್ದರೆ, ಎರಡೂ ಒಟ್ಟಿಗೆ ಹೂವಾಗುತ್ತವೆ. ಗಾಳಿಗೆ ಬೇಲಿ ಇಲ್ಲ. ಆಚೆಯ ಪರಾಗ ಈಚೆ ಬೀಳುತ್ತದೆ, ತೆನೆ ತುಂಬಿಕೊಳ್ಳುತ್ತದೆ, ನೋಡಲು ಎಲ್ಲ ಸರಿಯಾಗೇ ಇರುತ್ತದೆ. ಮುಂದಿನ ವರ್ಷ ಬಿತ್ತಿದಾಗ ಬೆರಕೆ ಏಳುತ್ತದೆ. ಆಗ ಹಿಂತಿರುಗಿ ನೋಡಲು ಡಬ್ಬದಲ್ಲಿ ಏನೂ ಇರುವುದಿಲ್ಲ.

"ಹೋಗಿ ಕೇಳಬಾರದೇನೇ? ಅವನೇನು ನಿನ್ನ ನುಂಗಿಬಿಡ್ತಾನಾ?" ಎಂದು ಅತ್ತೆ ಐದನೆಯ ದಿನವೇ ಕೇಳಿದ್ದರು.

ಅವಳು ಯಾಕೆ ಹೋಗುವುದಿಲ್ಲವೆಂದು ಅತ್ತೆಗೂ ಗೊತ್ತಿತ್ತು. ಮಗ ಹೋದ ಮೂರನೆಯ ದಿನ, ಮನೆ ತುಂಬ ಇನ್ನೂ ಜನರಿದ್ದಾಗ, ಡ್ರೈವರ್ ಬಾಗಿಲಲ್ಲಿ ನಿಂತು, ಹೊಲ ಕೊಡುವ ಯೋಚನೆ ಏನಾದರೂ ಇದ್ದರೆ ಮೊದಲು ತನಗೆ ಹೇಳಬೇಕೆಂದು ಕೇಳಿದ್ದ. ಅವಳು ಬಾಗಿಲು ಹಾಕಿದ್ದಳು. ಆ ಬಾಗಿಲು ಹಾಕಿದ್ದೇ ಕೊನೆ, ಇವತ್ತಿನವರೆಗೆ ಒಂದು ಮಾತಿಲ್ಲ. ಅತ್ತೆ ಮಾತ್ರ ಮಾತು ಬಿಟ್ಟಿರಲಿಲ್ಲ. ನಾಳೆ ಹಸು ಹಗ್ಗ ಕಿತ್ತುಕೊಂಡು ಹೋದರೆ ಹಿಡಿಯುವವನು ಅವನೇ ತಾನೆ ಎಂದು ಅವರ ಲೆಕ್ಕ.

ಕೊನೆಗೆ ಅತ್ತೆಯೇ ಕೇಳಿಕೊಂಡು ಬಂದರು.

"ಏನು ಹಾಕಿದೀಯಪ್ಪಾ ಅಂದೆ. ಮೇವು ಅಂದ. ಯಾವ ಮೇವು ಅಂದೆ. ಹಸು ತಿನ್ನೋ ಮೇವು ಅಂದ. ಚೀಲದ ಮೇಲೇನಾದ್ರೂ ಬರೆದಿತ್ತಾ ಅಂದೆ. ಚೀಲ ಕೊಟ್ಟಿಗೇಲಿ ಹಾಸಿದೀನಿ, ಹಸು ಮಲಗಿದೆ, ಎದ್ದ ಮೇಲೆ ಓದ್ತೀನಿ ಅಂದ." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಇಷ್ಟು ವರ್ಷ ಬಸ್ ಓಡಿಸಿದೋನಿಗೆ ದಾರಿ ಗೊತ್ತಿರತ್ತೆ. ಗಿಡ ಎಲ್ಲಿ ಗೊತ್ತಿರತ್ತೆ?"

ಹಾಗಾಗಿ ಬೇಲಿಯ ಈಚೆಯಿಂದಲೇ ಗುರುತು ಹಿಡಿಯಬೇಕಾಯಿತು. ಮೊದಲ ವಾರದಲ್ಲೇ ಅರ್ಧ ಕೆಲಸ ಮುಗಿದಿತ್ತು. ಎದ್ದದ್ದು ಒಂಟಿ ಎಲೆ, ಜೋಡಿ ಎಲೆಯಲ್ಲ. ಅಂದರೆ ಕುದುರೆ ಮೆಂತೆ ಅಲ್ಲ, ಅಲಸಂದೆ ಅಲ್ಲ, ಕಾಳಿನ ಜಾತಿಯ ಯಾವುದೂ ಅಲ್ಲ. ಎರಡನೆಯ ವಾರ ಓಟ್ಸ್ ಲೆಕ್ಕದಿಂದ ಬಿಟ್ಟುಹೋಯಿತು. ಇದರ ಎಲೆ ಅದಕ್ಕಿಂತ ಅಗಲ. ಮೆಕ್ಕೆಜೋಳವೂ ಅಲ್ಲ, ಅದರ ಮೊದಲ ಎಲೆಯ ತುದಿ ಬೆರಳಿನ ಹಾಗೆ ದುಂಡಗಿರುತ್ತದೆ. ಉಳಿದದ್ದು ಮೂರು. ಜೋಳ, ಸುಡಾನ್ ಹುಲ್ಲು, ಸಜ್ಜೆ. ಸಜ್ಜೆಯಾದರೆ ಚಿಂತೆಯಿಲ್ಲ, ಅದರ ಸಂಬಂಧವೇ ಬೇರೆ. ಜೋಳದ ತೆನೆಯ ಮೇಲೆ ಸಜ್ಜೆಯ ಪರಾಗ ಬಿದ್ದರೆ ಧೂಳು ಬಿದ್ದ ಹಾಗೆ. ಆದರೆ ಈ ಮೂರೂ ಗೇಣುದ್ದವಿರುವಾಗ ಅಣ್ಣತಮ್ಮಂದಿರ ಮಕ್ಕಳ ಹಾಗೆ ಕಾಣುತ್ತವೆ. ಬೇರೆಯವರು ಹೇಗೋ. ಅವಳು ಬದುಕೆಲ್ಲ ಹತ್ತು ದಿನದ ಮೊಳಕೆಗಳನ್ನು ನೋಡಿದವಳು. ಹತ್ತನೆಯ ದಿನ ಎಣಿಸಿ, ಬರೆದು, ಕಸದ ಬುಟ್ಟಿಗೆ ಹಾಕಿದ ಮೇಲೆ ಗಿಡ ಏನಾಗುತ್ತದೆಂದು ಅವಳ ಕೆಲಸ ಅವಳಿಗೆ ಕಲಿಸಿರಲಿಲ್ಲ.

ಕಿತ್ತು ನೋಡಿದರೆ ತಿಳಿಯುತ್ತಿತ್ತು. ಬೇರಿನ ಬುಡದಲ್ಲಿ ಕಾಳಿನ ಸಿಪ್ಪೆ ಇನ್ನೂ ಅಂಟಿಕೊಂಡಿರುತ್ತದೆ. ಬೇಲಿಗೆ ಹತ್ತಿರದ ಸಾಲು ಒಂದು ತೋಳಿನಷ್ಟು ದೂರ. ಆದರೂ ಮೂರು ವಾರ ಕೈ ಹಾಕಲಿಲ್ಲ. ಇನ್ನೊಬ್ಬರ ಹೊಲದ ಒಂದು ಗಿಡಕ್ಕೆ ಕೈಹಾಕಿದರೂ ಅವನಿಗೆ ತಾನೇನೋ ಬಾಕಿ ಉಳಿಸಿಕೊಂಡ ಹಾಗೆ ಅನ್ನಿಸುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ಅರ್ಧದಲ್ಲೇ ಬಿಟ್ಟು ಎದ್ದು ಕಿಟಕಿಗೆ ಹೋಗುತ್ತಿದ್ದಳು. ಅನ್ನ ತಣ್ಣಗಾದರೂ ಪರವಾಗಿಲ್ಲ, ನೀನು ಓಡಾಡಿ ಓಡಾಡಿ ಆ ಬೇಲಿ ಪಕ್ಕ ಕಾಲುದಾರಿ ಬಿದ್ದಿದೆ, ನಾಳೆ ಜನ ಅದನ್ನೇ ರಸ್ತೆ ಅಂದುಕೊಂಡು ನಡೆದುಬಂದಾರು ಎಂದು ಅತ್ತೆ ಗೊಣಗುತ್ತಿದ್ದರು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅವಳು ನೆಲಕ್ಕೆ ಮಂಡಿಯೂರಿ, ಕೆಳಗಿನ ಎರಡು ತಂತಿಗಳ ನಡುವೆ ತೋಳು ತೂರಿಸಿ, ಬೆರಳಿಗೆ ಸಿಕ್ಕ ಒಂದು ಗಿಡವನ್ನು ಬುಡಸಮೇತ ಕಿತ್ತಳು. ತಂತಿಯ ಮುಳ್ಳು ಮೊಣಕೈ ಹತ್ತಿರ ಗೀರಿತು. ಒದ್ದೆ ಬಟ್ಟೆಯಲ್ಲಿ ಗಿಡ ಸುತ್ತಿ, ಊಟದ ಡಬ್ಬಿಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು.

ಪರೀಕ್ಷಾ ಕೇಂದ್ರ ಎಂದರೆ ಉದ್ದನೆಯ ಎರಡು ಕೋಣೆ. ಒಂದರಲ್ಲಿ ಮೊಳಕೆಯ ಪೆಟ್ಟಿಗೆಗಳು, ಸದಾ ಒದ್ದೆ ಗೋಣಿಯ ವಾಸನೆ. ಇನ್ನೊಂದರಲ್ಲಿ ಮೇಜು, ತಕ್ಕಡಿ, ದೀಪ ಹಾಕಿದ ಮಸೂರ, ಗೋಡೆಯುದ್ದಕ್ಕೂ ಕಂದು ಕವರುಗಳ ಕಪಾಟು. ಬಂದ ಬೀಜದ ಪ್ರತಿಯೊಂದು ಮಾದರಿಯನ್ನೂ ಒಂದು ವರ್ಷ ಆ ಕವರುಗಳಲ್ಲಿ ಇಡಬೇಕು, ತಕರಾರು ಬಂದರೆ ತೋರಿಸಲು. ಮುಂದಿನ ಮೇಜಿನಲ್ಲಿ ಬೀಜ ತಂದವರನ್ನು ಮಾತಾಡಿಸುವುದೂ ಅವಳ ಪಾಲಿನದೇ. ದಿನಕ್ಕೆ ಇಬ್ಬರಾದರೂ ಚೀಲದ ಮೇಲಿನ ಒಂದು ಹಿಡಿ ಕಾಳನ್ನು ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ಮೇಲಿನ ಹಿಡಿಯನ್ನು ನೋಡಿ ಚೀಲದ ಮಾತು ಹೇಳಲಾಗುವುದಿಲ್ಲ, ಉದ್ದ ಕೊಳವೆ ಚುಚ್ಚಿ ಮೂಲೆಯಿಂದ, ನಡುವಿನಿಂದ, ತಳದಿಂದ ತೆಗೆಯಬೇಕು ಎಂದು ಅವಳು ಅವರನ್ನು ವಾಪಸು ಕಳಿಸುತ್ತಿದ್ದಳು. ಕೆಲವರು ಬೈದುಕೊಂಡು ಹೋಗುತ್ತಿದ್ದರು.

ಅಲ್ಲಿನ ಹಿರಿಯ ಪರೀಕ್ಷಕಿಗೆ ಎಲ್ಲರೂ ಭೂತಗನ್ನಡಿ ಅನ್ನುತ್ತಿದ್ದರು. ದಪ್ಪ ಕನ್ನಡಕದವರು, ಮಾತು ಕಡಿಮೆ, ಮುಖ ಎತ್ತದೆಯೇ ಕಾಳಿನ ಕುಲಗೋತ್ರ ಹೇಳಬಲ್ಲವರು. ಅವಳು ಗಿಡವನ್ನು ಮಸೂರದ ಕೆಳಗಿಟ್ಟು ತಾನು ನೋಡಿ, ಆಮೇಲೆ ಅವರನ್ನು ಕರೆದಳು. ಬೇರಿಗಂಟಿದ ಸಿಪ್ಪೆ ಸಣ್ಣದು, ಒಂದು ತುದಿ ಚೂಪು. ಎಲೆ ದಂಟಿಗೆ ಸೇರುವಲ್ಲಿ ಪೊರೆಯ ಬದಲು ಕೂದಲಿನ ಸಾಲು.

"ಸಜ್ಜೆ," ಎಂದರು ಭೂತಗನ್ನಡಿ. "ಇದನ್ನ ನೋಡೋಕೆ ನಾನು ಬೇಕಾಗಿತ್ತಾ?"

ಬೇಕಾಗಿರಲಿಲ್ಲ. ಆದರೆ ಬೇರೆಯವರ ಬಾಯಲ್ಲಿ ಕೇಳಬೇಕಾಗಿತ್ತು.

ಆ ಸಂಜೆ ಅವಳು ತಟ್ಟೆ ಖಾಲಿ ಮಾಡಿದಳು. ಅತ್ತೆ ಇನ್ನೊಂದು ಸೌಟು ಬಡಿಸಿದರು. ಬೇಲಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ, ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೋಗಿ ನಿಂತು ಅದೇ ಸಾಲು ನೋಡುವುದು, ಸಜ್ಜೆ ಸಜ್ಜೆಯಾಗೇ ಇದೆ ಎಂದುಕೊಳ್ಳುವುದು, ಬರುವುದು. ಆರು ವಾರದ ಹೊತ್ತಿಗೆ ಆ ಸಾಲುಗಳು ಆಳೆತ್ತರ ಬೆಳೆದು ಗೋಡೆಯಾದವು. ಗೋಡೆಯಾಚೆ ಏನೂ ಕಾಣುತ್ತಿರಲಿಲ್ಲ. ಕಾಣಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

ಅವಳ ಜೋಳಕ್ಕೆ ಹೊಡೆ ಕಟ್ಟಿತು. ಎಲೆಯ ಒಳಗೆ ತೆನೆ ಉಬ್ಬಿಕೊಂಡು, ಗಿಡಗಳೆಲ್ಲ ಬಾಯಿ ಮುಚ್ಚಿಕೊಂಡು ಏನೋ ಅಡಗಿಸಿಟ್ಟುಕೊಂಡ ಹಾಗೆ ನಿಂತಿದ್ದವು. ಅತ್ತೆ ದಿನಾ ಒಂದು ಸುತ್ತು ಹಾಕಿ, ಇನ್ನು ನಾಲ್ಕು ದಿನ, ಇನ್ನು ಮೂರು ದಿನ ಎಂದು ಬಸುರಿಯ ದಿನ ಎಣಿಸಿದ ಹಾಗೆ ಎಣಿಸುತ್ತಿದ್ದರು. ಮೊದಲ ತೆನೆಗಳು ಹೊರಗೆ ಮುಖ ಹಾಕಿದ ಶನಿವಾರ, ಸಂಜೆ, ಅವಳು ಬರುತ್ತಿದ್ದ ಬಸ್ಸಿನ ಚಕ್ರ ಮೇಲಿನ ರಸ್ತೆಯಲ್ಲಿ ಪಂಕ್ಚರಾಯಿತು.

ಜನರೆಲ್ಲ ಇಳಿದರು. ದಿನವೂ ಅವಳು ಆ ರಸ್ತೆಯಲ್ಲಿ ನಿಂತುಕೊಂಡೇ ಬರುವವಳು, ಎದುರಿಗೆ ಯಾರದಾದರೂ ಬೆನ್ನು ಬಿಟ್ಟು ಬೇರೇನೂ ಕಂಡದ್ದಿಲ್ಲ. ಈಗ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಕೆಳಗೆ ಅವಳ ಮನೆ, ಕೊಟ್ಟಿಗೆ, ಅರ್ಧ ಎಕರೆ ಜೋಳ. ಪಕ್ಕದಲ್ಲಿ ಡ್ರೈವರ್ ಹೊಲ.

ಆ ಹೊಲಕ್ಕೆ ಅಂಚಿತ್ತು.

ಹೊದಿಕೆಗೆ ಬೇರೆ ಬಣ್ಣದ ಬಟ್ಟೆಯ ಪಟ್ಟಿ ಹೊಲಿದ ಹಾಗೆ, ನಾಲ್ಕೂ ಕಡೆ ಎರಡೆರಡು ಸಾಲು ದಟ್ಟ ಹಸಿರು. ಒಳಗಿನದ್ದೆಲ್ಲ ತಿಳಿ ಹಸಿರು, ಸಪೂರ, ಗಾಳಿಗೆ ಬೇರೆ ಥರ ಬಾಗುವಂಥದ್ದು. ಅದರ ನೆತ್ತಿಯಲ್ಲಿ ಅಲ್ಲಲ್ಲಿ ಮಬ್ಬು ಬಣ್ಣದ ಸಡಿಲ ತೆನೆಗಳು ಆಗಲೇ ಬಿಚ್ಚಿಕೊಂಡಿದ್ದವು. ಸಜ್ಜೆಯ ತೆನೆ ಕೋಲಿನ ಹಾಗೆ ಗಟ್ಟಿ. ಇವು ಬಿಚ್ಚಿದ ಕೂದಲಿನ ಹಾಗಿದ್ದವು, ಸುಡಾನ್ ಹುಲ್ಲಿನವು.

ಅಂಚಿನಿಂದ ಒಂದು ಗಿಡ. ಬೇಲಿಯೊಳಗಿಂದ ಕೈಗೆ ಎಟುಕಿದ ಒಂದೇ ಗಿಡ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಸೂರದ ಕೆಳಗಿಟ್ಟು, ಹಿರಿಯರನ್ನು ಕರೆದು ಒಪ್ಪಿಗೆ ಪಡೆದಿದ್ದಳು. ಜೇಬಿನಲ್ಲಿ ಹಿಡಿ ಕಾಳು ತಂದವರನ್ನು ವಾಪಸು ಕಳಿಸಿದ ಮೇಜಿನಲ್ಲೇ.

ಆಮೇಲೆ ಎದ್ದು ರಸ್ತೆ ಬಿಟ್ಟು, ಇಳಿಜಾರಿನಲ್ಲಿ ನೇರವಾಗಿ ಇಳಿದಳು. ತನ್ನ ಮನೆಗೆ ಹೋಗಲಿಲ್ಲ. ಡ್ರೈವರ್ ಮನೆಯ ಗೇಟು ತೆಗೆದಳು.

ಅವನು ಕೊಟ್ಟಿಗೆಯ ಮುಂದೆ ಮೋಟು ಪೊರಕೆ ಹಿಡಿದು ಹಸುವಿನ ಮೈ ತಿಕ್ಕುತ್ತಿದ್ದ. ಅವಳನ್ನು ನೋಡಿ ಪೊರಕೆ ಕೆಳಗಿಟ್ಟ. ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಎತ್ತಿಕೊಂಡ.

"ಬಾಮ್ಮಾ. ಒಳಗೆ ಬಾ, ಜಾಗ ಇದೆ," ಎಂದ. ಬಸ್ಸಿನ ಮಾತು ಬಾಯಿಗೆ ಬಂದುಬಿಟ್ಟದ್ದಕ್ಕೆ ಅವನಿಗೇ ಮುಜುಗರವಾಯಿತು.

ಹೊಲದ ಸುತ್ತ ಒಂದು, ಒಳಗೆ ಇನ್ನೊಂದು ಯಾಕೆ ಬಿತ್ತಿದ್ದೆಂದು ಅವಳು ಕೇಳಿದಳು. ಒಂದೂವರೆ ವರ್ಷದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಯೋಚಿಸಿ ಹೇಳಿದ. ಬಿತ್ತುವ ಯಂತ್ರ ಬಾಡಿಗೆಯದು. ತನಗೆ ಸಿಕ್ಕಾಗ ಅದರ ಪೆಟ್ಟಿಗೆಯಲ್ಲಿ ಹಿಂದೆ ಬಿತ್ತಿದವರ ಕಾಳು ಉಳಿದಿತ್ತು. ಚೆಲ್ಲುವುದೇಕೆ ಎಂದು ಹೊಲದ ಸುತ್ತ ಎರಡು ಸುತ್ತು ಹೊಡೆದ. ಅದು ಮುಗಿದ ಮೇಲೆ ತನ್ನ ಚೀಲ ಸುರಿದ. ಅಷ್ಟೇ. ತಪ್ಪಾಯಿತೇ?

ತಪ್ಪೇನೂ ಆಗಿರಲಿಲ್ಲ. ಬಿತ್ತುವವರೆಲ್ಲ ಹಾಗೇ ಮಾಡುತ್ತಾರೆ. ಅವಳು ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅರ್ಧ ಎಕರೆಯಲ್ಲಿರುವುದು ಯಾರ ತಳಿ, ಮನೆಯಲ್ಲಿ ಬೇರೆ ಬೀಜ ಇಲ್ಲ, ನಿಮ್ಮದು ಹೂವಾಗುತ್ತಿದೆ, ನನ್ನದು ನಾಳೆ ನಾಡಿದ್ದರಲ್ಲಿ ಆಗುತ್ತದೆ. ಎಲ್ಲಿಯೂ ದನಿ ಏರಲಿಲ್ಲ. ಕೇಂದ್ರದ ಮೇಜಿನಲ್ಲಿ ಕೂತು ಫಲಿತಾಂಶ ಓದಿ ಹೇಳಿದ ಹಾಗಿತ್ತು.

ಡ್ರೈವರ್ ಪೊರಕೆಯನ್ನು ಬಕೆಟ್ಟಿನೊಳಗೆ ಹಾಕಿ ಮೊಬೈಲು ತೆಗೆದ. ಕೊಯ್ಯುವ ಯಂತ್ರದವನಿಗೆ ಅಲ್ಲೇ ನಿಂತು ಫೋನು ಮಾಡಿದ. ಸುತ್ತಮುತ್ತಲಿಗೆಲ್ಲ ಅದೊಂದೇ ಯಂತ್ರ, ಅವನ ಸರದಿ ಗುರುವಾರಕ್ಕಿತ್ತು. ನಾಳೆ ಬಾ ಎಂದ, ಆಗುವುದಿಲ್ಲವೆಂದರು. ಸೋಮವಾರ ಎಂದ. ಬೈದ. ಬೇಡಿಕೊಂಡ. ಕೊನೆಗೆ ಫೋನನ್ನು ಜೇಬಿಗೆ ಹಾಕಿ ಕೈಯಲ್ಲಿ ಐದು ಬೆರಳು ತೋರಿಸಿದ. ಇನ್ನು ಐದು ದಿನ.

"ಕುಡುಗೋಲಲ್ಲಿ ಶುರು ಮಾಡಲಾ?" ಎಂದ. "ನಾನು, ನನ್ನ ಹೆಂಡತಿ. ಅವಳ ಮಂಡಿ ಸರಿ ಇಲ್ಲ."

ಮೂರು ಎಕರೆ. ಇಬ್ಬರು. ಒಂದು ಮಂಡಿ. ಅವಳು ತಲೆಯಾಡಿಸಿದಳು. ಬೇಡ, ಕವರು ಹಾಕೋಣ ಎಂದಳು. ಹಾಕೋಣ ಎಂದದ್ದು ಬಾಯಿಂದ ಬಂದ ಮೇಲೆ ಅವಳಿಗೆ ಕೇಳಿಸಿತು.

ತೆನೆ ಹೊರಬಂದು ಹೂವು ಅರಳುವ ಮುಂಚೆ ಅದರ ಮೇಲೆ ಉದ್ದನೆಯ ಕಾಗದದ ಕವರು ಇಳಿಸಿ ಬಾಯಿ ಬಿಗಿದರೆ, ಒಳಗಿನ ಹೂವಿಗೆ ಒಳಗಿನದೇ ಪರಾಗ. ಹೊರಗಿನದು ಹೊರಗೆ. ಅವಳ ಗಂಡನೂ ಮೊದಲ ವರ್ಷಗಳಲ್ಲಿ ಹಾಗೇ ಮಾಡುತ್ತಿದ್ದ. ಸುತ್ತ ಯಾರೂ ಜೋಳ ಬೆಳೆಯುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟಿದ್ದ. ಕವರು ಹಾಕಿದ ತೆನೆಗಳಷ್ಟೇ ಬೀಜಕ್ಕೆ. ಉಳಿದ ಗಿಡಗಳನ್ನು ಕಾಳು ಕಟ್ಟುವ ಮೊದಲೇ ಕೊಯ್ದು ಹಸುವಿಗೆ ಹಾಕಿದರಾಯಿತು. ಆದರೆ ಮನೆಯಲ್ಲಿ ಕವರು ಒಂದೂ ಇರಲಿಲ್ಲ. ನಾಳೆ ಭಾನುವಾರ, ಅಂಗಡಿಯಲ್ಲೂ ಸಿಗುವಂಥದ್ದಲ್ಲ.

ಮನೆಗೆ ಬಂದು ಭೂತಗನ್ನಡಿಯವರಿಗೆ ಫೋನು ಮಾಡಿದಳು. ಎಲ್ಲ ಹೇಳಿದಳು. ಗಿಡವನ್ನು ಎಲ್ಲಿಂದ ತಂದಿದ್ದೆ ಎಂದು ಅವರು ಕೇಳಿದರು. ಅಂಚಿನಿಂದ ಎಂದಳು.

"ನಾನೂ ಕೇಳಲಿಲ್ಲ," ಎಂದರು ಅವರು. "ಕೇಳಬೇಕಾಗಿತ್ತು."

ಭಾನುವಾರ ಇನ್ನೂ ಎಂಟು ಗಂಟೆಯಾಗಿರಲಿಲ್ಲ, ಸ್ಕೂಟರಿನ ಹಿಂದೆ ಎರಡು ಕಟ್ಟು ಕಂದು ಕವರು ಕಟ್ಟಿಕೊಂಡು ಬಂದರು. ಒಂದು ವರ್ಷದ ಅವಧಿ ಮುಗಿದು ಸುಡಲೆಂದು ತೆಗೆದಿಟ್ಟ ಮಾದರಿಗಳ ಕವರು. ಒಳಗಿನ ಬೀಜ ಸುರಿದು, ಕೊಡವಿ ತಂದಿದ್ದರು. ನೂರ ಅರವತ್ತು, ಎಣಿಸಿದ್ದೇನೆ ಎಂದರು. ಒಳಗೆ ಬರಲಿಲ್ಲ, ಸ್ಕೂಟರಿನಿಂದಲೂ ಇಳಿಯಲಿಲ್ಲ. ಬೇಲಿಯ ಕಡೆ ಒಂದು ಸಲ ನೋಡಿ, ಕನ್ನಡಕ ಒರೆಸಿಕೊಂಡು ಹೊರಟುಹೋದರು.

ಅತ್ತೆ ಜಗಲಿಯಲ್ಲಿ ಕೂತು ಪ್ರತಿ ಕವರನ್ನೂ ಬೆಳಕಿಗೆ ಹಿಡಿದು ತೂತಿದೆಯೇ ನೋಡತೊಡಗಿದರು. ಕವರುಗಳ ಮೇಲೆ ಹಳೆಯ ಬರಹಗಳಿದ್ದವು. ಮೂಲಂಗಿ, ಗೋಧಿ, ಯಾರದೋ ಈರುಳ್ಳಿ, ಮೊಳಕೆ ನೂರಕ್ಕೆ ನಲವತ್ತು, ತಿರಸ್ಕೃತ. "ಜೋಳದ ತಲೆ ಮೇಲೆ ಮೂಲಂಗಿ ಅಂತ ಬರೆದು ಕೂರಿಸ್ತೀವಿ. ಹಸುಗಳು ಓದೋದು ಕಲಿತಿಲ್ಲ, ಸದ್ಯ," ಎಂದರು. ಡ್ರೈವರ್ ಒಂದು ಸ್ಟೇಪ್ಲರು, ಎರಡು ಡಬ್ಬಿ ಪಿನ್ನು ತಂದಿದ್ದ. ಬೇಲಿ ಸುತ್ತಿ ಗೇಟಿನಿಂದ ಬರುವ ಬದಲು ತಂತಿ ಹಾರಲು ಹೋಗಿ ಪಂಚೆ ಸಿಕ್ಕಿಸಿಕೊಂಡು, ಅತ್ತೆ ಎದ್ದು ಹೋಗಿ ಬಿಡಿಸಬೇಕಾಯಿತು. ಇಷ್ಟು ವರ್ಷ ಒಂದು ಅಪಘಾತವಿಲ್ಲದೆ ಓಡಿಸಿದೆ ಅಂತೀಯಲ್ಲ, ಹೇಗಪ್ಪಾ ಎಂದು ಅವರು ಕೇಳಿದ್ದಕ್ಕೆ ಅವನು ನಗಲಿಲ್ಲ. ಆ ಮನೆಯ ಕಡೆಯ ನೆಲದ ಮೇಲೆ ಕಾಲಿಟ್ಟು ಬಹಳ ದಿನವಾಗಿತ್ತು ಅವನಿಗೆ.

ಆಗಲೇ ಹೂವು ಬಿಚ್ಚಿದ್ದ ಹನ್ನೊಂದು ತೆನೆಗಳನ್ನು ಅವಳು ಮೊದಲು ಕತ್ತರಿಸಿ ಹಾಕಿದಳು. ಅವು ಯಾವುದರ ಪರಾಗ ಹಿಡಿದಿವೆಯೋ ಯಾರಿಗೆ ಗೊತ್ತು. ಆಮೇಲೆ ಹೊಲದ ತುದಿಗೆ ಹೋಗಿ ನಿಂತಳು. ನಲವತ್ತು ಸಾಲು, ಸಾಲಿಗೆ ಹತ್ತಿರ ಹತ್ತಿರ ಎಂಬತ್ತು ಗಿಡ. ಕವರು ನೂರ ಅರವತ್ತು.

ಯಾವುದಕ್ಕೆ?

ಗಂಡ ಸಂಜೆ ಹೊತ್ತು ಈ ಸಾಲುಗಳ ನಡುವೆ ನಡೆಯುತ್ತಾ ಯಾವುದೋ ಒಂದು ಗಿಡದ ಮುಂದೆ ನಿಂತುಬಿಡುತ್ತಿದ್ದ. ಇದೇ ಯಾಕೆ ಎಂದು ಅವಳು ಕೇಳಿದರೆ, ಸುಮ್ಮನೆ, ನೋಡು, ಅನ್ನುತ್ತಿದ್ದ. ಅವಳು ನೋಡುತ್ತಿದ್ದಳು. ಪಕ್ಕದ ಗಿಡಕ್ಕೂ ಅದಕ್ಕೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಾಣದಿದ್ದರೂ ಪರವಾಗಿಲ್ಲ ಅನ್ನಿಸುತ್ತಿತ್ತು ಆಗ, ನೋಡುವವನು ಇದ್ದನಲ್ಲ.

ಅವಳಿಗೆ ಗೊತ್ತಿದ್ದದ್ದು ಎಣಿಸುವುದು. ಮೂರು ಸಾವಿರದ ಇನ್ನೂರನ್ನು ನೂರ ಅರವತ್ತರಿಂದ ಭಾಗಿಸಿದರೆ ಇಪ್ಪತ್ತು. ಇಪ್ಪತ್ತಕ್ಕೊಂದು ಗಿಡ, ಚೆನ್ನಾಗಿರಲಿ ಬಿಡಲಿ. ಮೂಲೆಯದ್ದೂ ಬರುತ್ತದೆ, ನಡುವಿನದ್ದೂ ಬರುತ್ತದೆ. ಅವನು ಮಾಡಿಟ್ಟದ್ದು ಹೇಗಿದೆಯೋ ಹಾಗೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಡಬ್ಬಕ್ಕೆ ಹೋಗುತ್ತದೆ. ಅವಳ ಕೈವಾಡ ಏನೂ ಇರುವುದಿಲ್ಲ.

ಒಂದು, ಎರಡು, ಮೂರು ಎಂದು ಗಿಡ ಮುಟ್ಟುತ್ತಾ ನಡೆದಳು. ಇಪ್ಪತ್ತನೆಯದರ ತೆನೆಗೆ ಕವರು ಇಳಿಸಿದಳು, ಡ್ರೈವರ್ ಬಾಯಿ ಮಡಿಸಿ ಪಿನ್ನು ಹೊಡೆದ. ಮತ್ತೆ ಒಂದು, ಎರಡು. ಎಲೆಯ ಅಂಚು ಕೈ ಕೊಯ್ಯುತ್ತಿತ್ತು. ಹೊತ್ತೇರಿದ ಹಾಗೆ ಡ್ರೈವರ್ ಹೊಲದ ಕಡೆಯಿಂದ ಗಾಳಿ ಎದ್ದಿತು, ಆಗಾಗ ಎದ್ದು ಬಿದ್ದು ಎದ್ದು. ಪ್ರತಿ ಸಲ ಗಾಳಿ ಬಂದಾಗ ಅವಳು ಎಣಿಕೆ ತಪ್ಪದ ಹಾಗೆ ಬೆರಳು ಮಡಿಸಿ ಹಿಡಿದು, ತಲೆಯೆತ್ತಿ ಆಚೆ ನೋಡುತ್ತಿದ್ದಳು. ಕಾಣುವಂಥದ್ದೇನೂ ಇರಲಿಲ್ಲ. ಪರಾಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಇನ್ನಷ್ಟು ಬೇಗ ನಡೆಯಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ಮುಗಿದಿತ್ತು. ಎಪ್ಪತ್ತೊಂದನೆಯದರ ಮುಂದೆ ಡ್ರೈವರ್ ಸ್ಟೇಪ್ಲರು ಹಿಡಿದ ಕೈ ಇಳಿಸಿದ.

"ಇದ್ಯಾಕಮ್ಮಾ ಈ ನರಪೇತಲ? ಪಕ್ಕದ್ದು ನೋಡು, ಹೆಂಗಿದೆ."

"ನಾನು ಆರಿಸೋಕೆ ಬಂದಿಲ್ಲ ಅಣ್ಣಾ. ಉಳಿಸೋಕೆ ಬಂದಿದೀನಿ."

ಅವನು ಪಿನ್ನು ಹೊಡೆದ. ಅವಳ ಹಿಂದೆಯೇ ನಡೆದ. ಆಮೇಲೆ, ಅವಳ ಬೆನ್ನ ಹಿಂದಿನಿಂದ, ಅವತ್ತು ನಾನು ಬಂದು ಹೊಲ ಕೇಳಿದ್ದು ಎಂದು ಶುರು ಮಾಡಿದ.

"ಹದಿನಾಲ್ಕು," ಎಂದಳು ಅವಳು. "ಹದಿನೈದು. ಎಣಿಕೆ ತಪ್ಪತ್ತೆ."

ಅವನು ನಿಲ್ಲಿಸಿದ. ಇಪ್ಪತ್ತಕ್ಕೆ ಪಿನ್ನು ಹೊಡೆದ.

ನಾಲ್ಕು ಗಂಟೆಗೆ ಅತ್ತೆ ಚಹಾ ತಂದರು. ಸಾಲಿನ ನಡುವೆಯೇ ನಿಂತು ಕುಡಿದರು. ಕವರು ಇನ್ನು ಮೂವತ್ತೆರಡು ಉಳಿದಿದ್ದವು. ಹೊಲದುದ್ದಕ್ಕೂ ಕಂದು ಟೋಪಿ ಹಾಕಿಕೊಂಡ ಗಿಡಗಳು ಅಲ್ಲೊಂದು ಇಲ್ಲೊಂದು, ಯಾರನ್ನೋ ಕಾಯುತ್ತಾ ನಿಂತ ಜನರ ಹಾಗೆ ಕಾಣುತ್ತಿದ್ದವು. ಅತ್ತೆ ಖಾಲಿ ಲೋಟ ತೆಗೆದುಕೊಂಡು ಹೋಗುತ್ತಾ, ಹೋಗುವ ದಾರಿಯಲ್ಲಿದ್ದ ಒಂದು ಗಿಡದ ದಂಟನ್ನು ಹಿಡಿದು ಅಲ್ಲಾಡಿಸಿ ನೋಡಿದರು, ಬಿಟ್ಟು ನಡೆದರು.

ಅವಳು ಮತ್ತೆ ಶುರು ಮಾಡಿದಳು. ಮೂವತ್ತಮೂರನೆಯ ಸಾಲು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಪ್ಪತ್ತನೆಯದು ಸಪೂರ ದಂಟು, ಕೆಳಗಿನ ಎಲೆಗಳು ಆಗಲೇ ಹಳದಿ. ಕವರು ಬಿಡಿಸಿ ಮೇಲಕ್ಕೆ ಹಿಡಿದವಳ ಕೈ ಅಲ್ಲೇ ನಿಂತಿತು. ಅದರಾಚೆ ಇನ್ನೊಂದಿತ್ತು. ಹೆಚ್ಚು ಎತ್ತರವೇನಲ್ಲ. ಬುಡದಿಂದ ನೆತ್ತಿಯವರೆಗೆ ಎಲೆಗಳು ಒಂದೇ ಹಸಿರು, ಎಲೆಯ ನಡುನರ ಒಣಗಿದ ಬಿಳುಪಲ್ಲ, ನೀರು ಹೀರಿಕೊಂಡ ಮಬ್ಬು ಬಣ್ಣ. ಗಾಳಿ ಬಂದಾಗ ಪಕ್ಕದವು ವಾಲಿದವು. ಇದು ಬಾಗಿತು, ಬಾಗಿ ನೆಟ್ಟಗಾಯಿತು. ಅವಳು ಹಿಂದಿನ ಗಿಡ ನೋಡಿದಳು. ಮತ್ತೆ ಇದನ್ನು ನೋಡಿದಳು. ವ್ಯತ್ಯಾಸವಿತ್ತು.

"ಇಪ್ಪತ್ತು ಇದಲ್ವಾ?" ಎಂದ ಡ್ರೈವರ್, ಸಪೂರದ್ದನ್ನು ತೋರಿಸಿ.

"ಹೌದು," ಎಂದಳು.

ಇಪ್ಪತ್ತೊಂದನೆಯದರ ತೆನೆಯನ್ನು ಎಡಗೈಯಲ್ಲಿ ಬಗ್ಗಿಸಿ, ಕವರು ಇಳಿಸಿ, ಬಾಯನ್ನು ತಾನೇ ಮಡಿಸಿ ಹಿಡಿದಳು. ಡ್ರೈವರ್ ಅವಳ ಮುಖ ನೋಡಿದ, ಎರಡು ಪಿನ್ನು ಹೊಡೆದ. ಅವಳು ಸಾಲು ಬಿಟ್ಟು ಪಕ್ಕದ ಸಾಲಿಗೆ ದಾಟಿದಳು, ಅಲ್ಲಿಂದ ಹಿಂದಕ್ಕೆ ಬಂದಳು, ಒಂದರ ಮುಂದೆ ನಿಂತಳು, ದಂಟು ಒತ್ತಿ ನೋಡಿದಳು, ಬೇಡವೆಂದು ಮುಂದಕ್ಕೆ ಹೋದಳು. ಎಣಿಕೆ ಬಿಟ್ಟುಹೋಗಿತ್ತು. ಉಳಿದ ಕವರು ಮೂವತ್ತೆರಡು, ಇಲ್ಲ ಮೂವತ್ತೊಂದು, ಹೊತ್ತು ಇಳಿಯಲು ಇನ್ನು ಎರಡು ತಾಸು.

"ಅಣ್ಣಾ, ಈ ಕಡೆ ಬನ್ನಿ," ಎಂದಳು. "ಇಲ್ಲೊಂದಿದೆ."